ರೆಸ್ಯೂಮೆಯನ್ನು ನಿಂತೇ ಓದುವವರು

ಅಥವಾ ಅವರು ಕುಳಿತೇ ಓದಿದ್ದಿರಬಹುದು. ನನ್ನ ನೆನಪಿನಲ್ಲಿ ಮಾತ್ರ ನಿಂತಿದ್ದಾರೆ. ಕಿಟಕಿಯ ಪಕ್ಕ, ಎಡಗೈಯಲ್ಲಿ ನನ್ನ ರೆಸ್ಯೂಮೆ, ಹೆಬ್ಬೆರಳು ನನ್ನ ಹೆಸರಿನ ಮೇಲೆ. ಹೆಸರು ಕಂಡರೆ ಊರು, ಜಾತಿ, ಮನೆತನ ಎಲ್ಲ ಕಾಣುತ್ತದೆ, ಮತ್ತೆ ಓದಲಿಕ್ಕೆ ಎಂತ ಉಳಿಯುತ್ತದೆ ಎಂದು ಕೇಳಿದ್ದರು. ನನ್ನನ್ನೇ ಕೇಳಿದ್ದರೋ, ಬೇರೆ ಯಾರನ್ನೋ ಕೇಳಿದ್ದನ್ನು ನಾನು ಬೆಂಚಿನಲ್ಲಿ ಕಾಯುತ್ತ ಕೇಳಿಸಿಕೊಂಡೆನೋ, ಹೇಳಲಾರೆ. ನಿಂತದ್ದಾದರೂ ಖಚಿತ ಎಂದುಕೊಂಡಿದ್ದೆ. ಆದರೆ ಅವರಿಗೆ ಮಂಡಿನೋವು ಇತ್ತು, ಮೆಟ್ಟಿಲು ಹತ್ತಿ ಬಂದರೆ ಸ್ವಲ್ಪ ಹೊತ್ತು ಯಾರೊಡನೆಯೂ ಮಾತಾಡುತ್ತಿರಲಿಲ್ಲ ಎಂಬುದೂ ನೆನಪಿದೆ. ಮಂಡಿನೋವಿನ ಮನುಷ್ಯ ದಿನವಿಡೀ ನಿಂತು ಓದುತ್ತಾನೆಯೇ? ಎರಡರಲ್ಲಿ ಒಂದು ನೆನಪು ಸುಳ್ಳು.

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಅವರ ತಂಗಿಯ ಮಗ ಹಾಕಿದ ಸ್ಟೇಟಸ್ಸಿನಿಂದ. ನಾನು ಕಾರ್ಕಳದ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎರಡು ಕರೆಗಳ ನಡುವೆ ಇದ್ದೆ. ಮನೆಯಲ್ಲೇ ಕೂತು ಮಾಡುವ ಈ ಕೆಲಸ ನನಗೆ ಸಿಕ್ಕಿದ್ದು ಅವರಿಂದ ಎಂದು ನನ್ನ ಗಂಡ ಎಲ್ಲರಿಗೂ ಹೇಳುತ್ತಾರೆ. ನಾನು ಅಷ್ಟು ಸಲೀಸಾಗಿ ಹೇಳಲಾರೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರಿನ ಮೇಲೂ ಹೆಬ್ಬೆರಳು ಇರಲಿ.

ನಾನು ಅವರ ಬಳಿ ಹೋದದ್ದು ಬೇರೆ ದಾರಿ ಇಲ್ಲದೆ. ಮಣಿಪಾಲದ ಒಂದು ಕಂಪನಿಯಲ್ಲಿ, ಮನೆಗಳಿಗೆ ಆಕ್ಸಿಜನ್ ಯಂತ್ರ ಬಾಡಿಗೆಗೆ ಕೊಡುವಲ್ಲಿ, ದೂರು ಕೇಳಿಸಿಕೊಳ್ಳುವ ಕೆಲಸ ನನ್ನದು. ಸ್ಕೂಟರಿನಿಂದ ಬಿದ್ದು ಬೆನ್ನು ಹಾಳಾಯಿತು. ಕಾರ್ಕಳದಿಂದ ಹಿರಿಯಡ್ಕದ ತಿರುವುಗಳಲ್ಲಿ ಬಸ್ಸು ಓಲಾಡುತ್ತ ಮಣಿಪಾಲ ಮುಟ್ಟುವಾಗ ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಮನೆಯಿಂದ ಮಾಡುತ್ತೇನೆ ಎಂದರೆ ಆಫೀಸಿನವರು ಒಪ್ಪಲಿಲ್ಲ. ಎಲ್ಲರೂ ಬರಲೇಬೇಕು, ಒಬ್ಬರಿಗೊಂದು ನಿಯಮ ಇಲ್ಲ ಎಂದರು. ಬಿಟ್ಟೆ. ಬಿಟ್ಟ ಮೇಲೆ ಮನೆಯಿಂದ ಮಾಡಬಹುದಾದ ಯಾವ ಕೆಲಸದ ಜಾಹೀರಾತು ಕಂಡರೂ ಅರ್ಜಿ ಹಾಕಿದೆ. ಒಂದಕ್ಕೂ ಉತ್ತರವಿಲ್ಲ. ಬೇಡ ಎನ್ನುವ ಉತ್ತರವೂ ಇಲ್ಲ. ನನ್ನ ಭಾವ ತಮ್ಮ ಪರಿಚಯದ ಗೇರುಬೀಜದ ಕಾರ್ಖಾನೆಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೆಲಸ ನೋಡಿಟ್ಟಿದ್ದರು. ಕೂರುವುದೇ ಆಗದ ನನಗೆ ಕೂರುವ ಕೆಲಸ. ನನ್ನ ಹತ್ತಿರ ಉಳಿದಿದ್ದ ವೃತ್ತಿ ಒಂದೇ, ಅದು ಬಸ್ಸಿನ ಆಚೆ ತುದಿಯಲ್ಲಿತ್ತು. ಮನೆಯಿಂದ ಮಾಡುವಂಥದ್ದು ಸಿಗದಿದ್ದರೆ ಅದೂ ಮುಗಿಯಿತು.

"ಉಡುಪಿಯ ಬನ್ನಂಜೆಯಲ್ಲಿ ಒಬ್ರು ಸಾಯ್ಬ್ರು ಇದ್ದಾರಂತೆ, ರೆಸ್ಯೂಮೆ ಸರಿ ಮಾಡಿಕೊಡುವವರು. ಗಲ್ಫಿನಲ್ಲಿ ಜನ ಆರಿಸುವ ಕೆಲಸದಲ್ಲಿ ಇದ್ದವರಂತೆ" ಎಂದು ಗಂಡ ಹೇಳಿದರು. ಅವರ ಟೈಲ್ಸ್ ಅಂಗಡಿಗೆ ಬಂದ ಯಾರೋ ಹೇಳಿದ್ದಂತೆ. ಮರುದಿನ ಅವರೇ, "ಆ ಸಾಯ್ಬ್ರು ಜನರ ರೆಸ್ಯೂಮೆ ಏಜೆಂಟರಿಗೆ ಮಾರ್ತಾರೆ ಅಂತ ಒಂದು ಮಾತುಂಟು. ನೋಡಿಕೊಂಡು ಹೋಗು ಮಾರಾಯ್ತಿ" ಎಂದರು. ಅದನ್ನು ಹೇಳಿದವರು ಯಾರು ಎಂದರೆ, "ಹೇಳ್ತಾರೆ" ಎಂದರು.

ಸಾಯ್ಬ್ರ ತಂಗಿಯ ಮಗನ ಟಿಕೆಟ್ ಬುಕಿಂಗ್ ಆಫೀಸಿನ ಮೇಲೆ ಒಂದು ಕೋಣೆ. ಬಂದವರು ಕಾಯಲಿಕ್ಕೆ ಒಂದು ಬೆಂಚು, ಒಂದು ಮೇಜು, ಗೋಡೆಗೆ ಬೆನ್ನು ಹಾಕಿದ ಒಂದು ಕುರ್ಚಿ, ಆ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಕಾಣುವ ಒಂದು ಕಂಪ್ಯೂಟರ್. ತಲೆಯ ಮೇಲೆ ಒಂದು ಫ್ಯಾನು. ಅದು ಸುತ್ತುವಾಗ ಕಟಕ್, ಕಟಕ್ ಎಂದು ಸದ್ದು ಮಾಡುತ್ತಿತ್ತು. ಎರಡು ಕಟಕ್, ಒಂದು ಬಿಡುವು, ಮತ್ತೆ ಎರಡು. ಮಾತಾಡುವವರೂ ಆ ಬಿಡುವಿಗೆ ಕಾಯುವ ಹಾಗೆ. ಈ ಫ್ಯಾನಿನ ವಿಷಯ ಮುಂದೆ ಬರುತ್ತದೆ.

"ಇದು ಮದುವೆಗೆ ಕಳಿಸುವುದಾ, ಕೆಲಸಕ್ಕಾ?"

ಇದು ಅವರ ಮೊದಲ ಮಾತು. ನನ್ನ ರೆಸ್ಯೂಮೆಯಲ್ಲಿ ತಂದೆಯ ಹೆಸರು, ಗಂಡನ ಹೆಸರು, ಹುಟ್ಟಿದ ದಿನ, ಮೂಲೆಯಲ್ಲಿ ಫೋಟೋ, ಗೊತ್ತಿರುವ ಭಾಷೆಗಳು, ಹವ್ಯಾಸ ರಂಗೋಲಿ ಎಲ್ಲ ಇತ್ತು. ನಮ್ಮಲ್ಲಿ ಎಲ್ಲರೂ ಹಾಗೆಯೇ ಬರೆಯುವುದು. ಕಾಲೇಜಿನಲ್ಲಿ ಯಾರೋ ಕೊಟ್ಟ ಒಂದು ಮಾದರಿ, ಅದನ್ನೇ ಅಣ್ಣ ತಂಗಿಗೆ, ತಂಗಿ ಗೆಳತಿಗೆ ಕೊಟ್ಟು, ಹೆಸರು ಬದಲಾಯಿಸಿ ಕಳಿಸುವುದು.

"ರಂಗೋಲಿ ಹಾಕ್ತೀರಾ?"

"ಮೊದಲು ಹಾಕ್ತಿದ್ದೆ, ಸರ್."

"ಈಗ?"

"ಬಗ್ಗಲಿಕ್ಕೆ ಆಗುವುದಿಲ್ಲ."

"ಹಾಗಾದ್ರೆ ಸುಳ್ಳು ಶುರುವಾಯ್ತು" ಎಂದು ಅದರ ಮೇಲೆ ಗೆರೆ ಎಳೆದರು.

ಪೆನ್ನು ಕೆಳಗೆ ಇಳಿಯುತ್ತ ಹೋಯಿತು. ಕಷ್ಟಪಟ್ಟು ದುಡಿಯುವವಳು, ತಂಡದೊಡನೆ ಬೆರೆಯುವವಳು, ಒತ್ತಡದಲ್ಲೂ ಶಾಂತವಾಗಿರುವವಳು ಎಂದೆಲ್ಲ ನಾನು ಇಂಗ್ಲಿಷಿನಲ್ಲಿ ಬರೆದಿದ್ದೆ. ಪ್ರತಿಯೊಂದಕ್ಕೂ ಅವರದು ಒಂದೇ ಪ್ರಶ್ನೆ. "ಯಾರು ಹೇಳಿದ್ದು?" ನಾನೇ ಎಂದರೆ, "ನೀವು ಅರ್ಜಿ ಹಾಕಿದವರು. ನೀವು ಸಾಕ್ಷಿ ಹೇಳಿದ್ರೆ ಹೇಗೆ ಮಾರಾಯ್ರೆ?"

ಕಡೆಯಲ್ಲಿ, ಎಲ್ಲರ ರೆಸ್ಯೂಮೆಯ ಹಾಗೆ ನನ್ನದರಲ್ಲೂ, ಮೇಲೆ ಬರೆದದ್ದೆಲ್ಲ ನಾನು ತಿಳಿದ ಮಟ್ಟಿಗೆ ಸತ್ಯವೆಂದು ಘೋಷಿಸುತ್ತೇನೆ ಎಂಬ ಸಾಲು, ಸ್ಥಳ ಮತ್ತು ಸಹಿ. ಅದನ್ನು ಓದಿ ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆಗ ಮತ್ತು ಇನ್ನೊಮ್ಮೆ.

"ಇದು ಎಂತಕ್ಕೆ? ಅಂಗಡಿಯವ ಮಾತು ಮಾತಿಗೆ ದೇವರಾಣೆ ಹಾಕಿದ್ರೆ ನೀವು ಮೀನು ತಗೊಳ್ತೀರಾ, ಮೂಸಿ ನೋಡ್ತೀರಾ?"

"ಮೂಸಿ ನೋಡ್ತೇನೆ."

"ಅವರೂ ಅಷ್ಟೇ."

ದೂರದಿಂದ ಕೆಲಸ ಕೊಡುವವನಿಗೆ ಒಂದೇ ಸಂಶಯ ಎಂದು ಅವರು ಹೇಳುತ್ತಿದ್ದರು. ಕಣ್ಣಿಗೆ ಕಾಣದೆ ಇದ್ದಾಗ ಇವಳು ಎಂತ ಮಾಡ್ತಾಳೆ? ರೆಸ್ಯೂಮೆ ಆ ಸಂಶಯಕ್ಕೆ ಮಾತ್ರ ಉತ್ತರ ಕೊಟ್ಟರೆ ಸಾಕು. ಯಾರೂ ನೋಡದೆ ಇದ್ದಾಗ ನೀವು ಮುಗಿಸಿದ ಒಂದು ಕೆಲಸ. ಯಾರನ್ನೂ ಕೇಳದೆ, ಬರೆದೇ ತಿಳಿಸಿದ ಒಂದು ವಿಷಯ. ಕರೆಂಟು ಹೋದರೆ ಎಂತ ಮಾಡುತ್ತೀರಿ, ನೆಟ್ ಹೋದರೆ ಎಂತ. ಅವರ ಊರಿನ ಹಗಲು ನಿಮಗೆ ಯಾವ ಹೊತ್ತು. ಒಂದು ಪುಟ. ಫೋಟೋ ಬೇಡ.

"ಈಗ ಹೇಳಿ. ಇಂಗ್ಲಿಷಿನಲ್ಲಿ ಬೇಡ. ಕನ್ನಡವೂ ಬೇಡ, ಭಾಷಣ ಆಗ್ತದೆ. ತುಳುವಿನಲ್ಲಿ ಹೇಳಿ."

ಅವರ ಮನೆಮಾತು ಬ್ಯಾರಿ. ನನ್ನದು ತುಳು. ಅವರ ತುಳು ನನ್ನದಕ್ಕಿಂತ ಚೂಪಾಗಿತ್ತು. ಎಲ್ಲರನ್ನೂ ಅವರವರ ಮನೆಮಾತಿನಲ್ಲೇ ಹೇಳಿಸುವುದು ಅವರ ಕ್ರಮ. ಕೊಂಕಣಿಯವರು ಬಂದರೆ ತಪ್ಪುತಪ್ಪು ಕೊಂಕಣಿಯಲ್ಲಿ ತಾವೂ ಸೇರಿಕೊಳ್ಳುತ್ತಿದ್ದರು. ಹೇಳುವವರು ಎಡವಿದ ಕಡೆ ಇವರು ಮುಖ ಎತ್ತಿ ನೋಡುತ್ತಿದ್ದರು. ಅಲ್ಲಿಂದ ಮುಂದೆ ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿದ್ದೇನೆ. ಅದೂ ಒಂದು ತಿದ್ದುಪಡಿಯೇ.

ನಾನು ಮಟ್ಟುವಿನ ಕಥೆ ಹೇಳಿದೆ. ಲಾಕ್‌ಡೌನಿನಲ್ಲಿ ನಾನು ಮಟ್ಟು ಎಂಬ ಊರಿನ ನನ್ನ ತಾಯಿ ಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಗುಳ್ಳ ಬದನೆಯ ಗದ್ದೆಯ ಪಂಪ್‌ಶೆಡ್ಡಿನಲ್ಲಿ ಮಾತ್ರ ಸಿಗುತ್ತಿತ್ತು. ಅಲ್ಲಿ ಗೋಣಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂರುತ್ತಿದ್ದೆ. ಹೊರಗೆ ಗುಳ್ಳ ಕೊಯ್ಯುವವರ ಮಾತು, ಕಿವಿಯಲ್ಲಿ ಯಾರದೋ ಅಳು. ಯಂತ್ರ ಕೂಗುತ್ತಾ ಉಂಟು, ಅಪ್ಪನಿಗೆ ಉಸಿರು ಸಿಗ್ತಾ ಇಲ್ಲ, ಎಂತ ಮಾಡುವುದು? ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ವಿನುತಾಳದ್ದು. ವಿನುತಾ ನನಗಿಂತ ಚಿಕ್ಕವಳು, ಕಾಪುವಿನವಳು, ಅವಳೂ ಅವಳ ಮನೆಯಿಂದಲೇ ಮಾಡುತ್ತಿದ್ದಳು. ಬೆಳಿಗ್ಗೆ ನನಗೆ ಅತ್ತು ಹೇಳಿದವರು ಮಧ್ಯಾಹ್ನ ಅವಳಿಗೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಹಾಗಾಗಬಾರದು ಎಂದು ಪಾಳಿ ಮುಗಿಯುವಾಗ ಒಂದೊಂದು ದೂರಿಗೂ ಒಂದು ಟಿಪ್ಪಣಿ ಬರೆದಿಡುವ ಕ್ರಮ ಶುರುವಾಯಿತು. ಯಾರು, ಯಾವ ಯಂತ್ರ, ಏನು ಹೇಳಿದ್ದೇವೆ. ಕೊನೆಯ ಸಾಲು ಯಾವಾಗಲೂ ಇನ್ನೂ ತಿಳಿಯದ್ದು ಏನು ಎಂಬುದು. ಮೇಲಿನವರು ಯಾರೂ ಹೇಳಿದ್ದಲ್ಲ.

ಅವರು ಪೆನ್ನು ಮೇಜಿನ ಮೇಲೆ ಇಟ್ಟರು. ಮತ್ತೆ ಕೇಳಿದರು.

"ಶುರು ಮಾಡಿದ್ದು ನೀವಾ?"

"ಹೌದು."

ಈ ಹೌದು ಎಷ್ಟು ಬೇಗ ಬಂತು ಎಂದು ನಾನು ಈಗ ಯೋಚಿಸುತ್ತೇನೆ. ಕೂಡಲೇ ಬಂತು ಎಂದು ಒಮ್ಮೆ ಅನಿಸುತ್ತದೆ. ಫ್ಯಾನಿನ ಬಿಡುವಿಗೆ ಕಾದು ಬಂತು ಎಂದು ಇನ್ನೊಮ್ಮೆ. ಅವರು ಮುಖ ಎತ್ತಿ ನೋಡಿದರೋ ಇಲ್ಲವೋ, ಅದು ಮಾತ್ರ ಎಷ್ಟು ಪ್ರಯತ್ನಪಟ್ಟರೂ ನೆನಪಿಗೆ ಬರುವುದಿಲ್ಲ.

ಹೊಸ ರೆಸ್ಯೂಮೆಯಲ್ಲಿ ಮೇಲೆಯೇ ಆ ಸಾಲು ಬಂತು. ಕಷ್ಟದಲ್ಲಿರುವವರು ತಮ್ಮ ಕಷ್ಟವನ್ನು ಎರಡನೇ ಸಲ ಹೇಳಬೇಕಾಗದಂತೆ, ಪಾಳಿಯ ಕೊನೆಗೆ ಟಿಪ್ಪಣಿ ಬರೆದಿಡುವ ಕ್ರಮವನ್ನು ಆರಂಭಿಸಿದೆ. ಇಂಗ್ಲಿಷಿನಲ್ಲಿ ಅದು ಇನ್ನೂ ಚಿಕ್ಕದಾಗಿತ್ತು. ಓದಿದಾಗ ನನಗೇ ನನ್ನ ಮೇಲೆ ಗೌರವ ಬಂತು. ಅದೇ ಹೊತ್ತಿಗೆ ಒಂದು ಗುಮಾನಿಯೂ ಬಂತು. ಇಷ್ಟು ಬೇಗ, ಇಷ್ಟು ಸರಿಯಾದ ಮಾತು ಅವರಿಗೆ ಹೇಗೆ ಸಿಕ್ಕಿತು? ಮೊದಲೇ ಎಲ್ಲೋ ಬರೆದಿಟ್ಟದ್ದನ್ನು ತೆಗೆದ ಹಾಗಿತ್ತು. ಕಂಪ್ಯೂಟರು ಅವರ ಕಡೆಗೆ ಮುಖ ಮಾಡಿತ್ತು. ನನಗೆ ಕಂಡದ್ದು ಅದರ ಬೆನ್ನು.

ಗಲ್ಫಿನಲ್ಲಿ ಅವರು ಏನಾಗಿದ್ದರು ಎಂಬುದೂ ಹೀಗೆಯೇ. ನನಗೆ ಹೇಳಿದ್ದು, ದೊಡ್ಡ ಕಂಪನಿಯೊಂದರಲ್ಲಿ ಬರುವ ಅರ್ಜಿಗಳನ್ನು ಬುಟ್ಟಿಯ ಪಕ್ಕ ನಿಂತು ಓದಿ, ಬೇಡದ್ದನ್ನು ಅಲ್ಲಿಯೇ ಬಿಡುವ ಕೆಲಸ ಎಂದು. ಕೂತು ಓದಿದರೆ ಕನಿಕರ ಬರುತ್ತದೆ, ಅದಕ್ಕೆ ನಿಂತೇ ಓದುವುದು ಎಂದು. ಬೆಂಚಿನಲ್ಲಿ ನನ್ನ ಪಕ್ಕ ಕಾಯುತ್ತಿದ್ದ ಒಬ್ಬರಿಗೆ ಅವರು ಹೇಳಿದ್ದು ಹಡಗಿನ ಸಾಮಾನಿನ ಲೆಕ್ಕದ ಕೆಲಸ ಎಂದಂತೆ. ಕೆಳಗಿನ ಆಫೀಸಿನಲ್ಲಿ ತಂಗಿಯ ಮಗನನ್ನು ಕೇಳಿದರೆ, "ಮಾಮ ಎಲ್ಲ ಮಾಡಿದ್ದಾರೆ" ಎಂದು ಟಿಕೆಟ್ ಕಡೆಗೆ ತಿರುಗಿದ. ನಾನು ಒಂದು ದಿನ ಧೈರ್ಯ ಮಾಡಿ, "ಸರ್, ನಿಮ್ಮ ರೆಸ್ಯೂಮೆ ಒಮ್ಮೆ ತೋರಿಸ್ತೀರಾ? ಮಾದರಿಗೆ" ಎಂದೆ. ಆಗಲೇ ಅವರು ಎರಡನೇ ಸಲ ನಕ್ಕದ್ದು.

"ನನ್ನದು ನನ್ನ ಕೈಗೆ ಬಂದ್ರೆ ನಾನೇ ಬುಟ್ಟಿಗೆ ಹಾಕ್ತಿದ್ದೆ ಮಾರಾಯ್ರೆ."

ಸಂದರ್ಶನಕ್ಕೆ ಕರೆ ಬಂತು. ಬೇರೆ ರಾಜ್ಯದ ಕಂಪನಿ, ಇಡೀ ಕೆಲಸ ಮನೆಯಿಂದ. ಗಂಡ ಅಂಗಡಿಯ ಬಾಗಿಲು ಹಾಕಿ ಬಂದು ಅಡುಗೆಮನೆಯಲ್ಲಿ ಕೂತಿದ್ದರು, ಕುಕ್ಕರು ಸೀಟಿ ಹೊಡೆಯದ ಹಾಗೆ ಕಾಯುವುದಕ್ಕೆ. ಪರದೆಯಲ್ಲಿ ಬಂದಾಕೆ ನಗುಮುಖದವರು. ಪಂಪ್‌ಶೆಡ್ಡಿನ ವಿಷಯ ಕೇಳಿದರು. ಹೇಳಿದೆ. ಟಿಪ್ಪಣಿಯ ವಿಷಯ ಹೇಳುವಾಗ ಅವರ ನಗು ಸ್ವಲ್ಪ ನಿಂತಿತು.

"ಆಶ್ಚರ್ಯ. ಇದೇ ಕೆಲಸಕ್ಕೆ ನಿಮ್ಮ ಕಡೆಯವರೇ ಇನ್ನೊಬ್ಬರು ಬಂದಿದ್ದಾರೆ. ಅವರೂ ಹೆಚ್ಚುಕಡಿಮೆ ಇದನ್ನೇ ಬರೆದಿದ್ದಾರೆ. ಅವರೂ ಆರಂಭಿಸಿದ್ದು ತಾನೇ ಎನ್ನುತ್ತಾರೆ."

ನಾನು ಏನು ಹೇಳಿದೆನೋ ಗೊತ್ತಿಲ್ಲ. ಎರಡು ದಿನ ಬಿಟ್ಟು ಎರಡನೇ ಸುತ್ತು ಇದೆ, ಆಗ ಮಾತಾಡೋಣ ಎಂದು ಅವರು ಮುಗಿಸಿದರು. ಗಂಡ ಹೊರಗೆ ಬಂದು, "ಏಜೆಂಟರಿಗೆ ಮಾರ್ತಾರೆ ಅಂತ ನಾನು ಹೇಳಿರಲಿಲ್ವಾ?" ಎಂದರು. ಅಷ್ಟು ದಿನ ಸಾಯ್ಬ್ರನ್ನು ಹೊಗಳುತ್ತಿದ್ದವರೂ ಅವರೇ.

ಬೆನ್ನಿಗೆ ಪಟ್ಟಿ ಬಿಗಿದು ಬಸ್ಸು ಹತ್ತಿದೆ. ಹಿರಿಯಡ್ಕ ದಾಟುವವರೆಗೆ ಬೈಗುಳಗಳನ್ನು ಜೋಡಿಸಿದೆ, ಮಣಿಪಾಲದ ಇಳಿಜಾರಿನಲ್ಲಿ ಅವು ಚದುರಿಹೋದವು. ಮೆಟ್ಟಿಲು ಹತ್ತಿ ಹೋದಾಗ ಅವರು ಒಬ್ಬರೇ ಇದ್ದರು.

"ನನ್ನ ಕಥೆಯನ್ನು ಯಾರಿಗೆ ಕೊಟ್ಟಿರಿ, ಸರ್?"

ಅವರು ಪೂರ್ತಿ ಕೇಳಿಸಿಕೊಂಡರು. ಕೊಟ್ಟಿಲ್ಲ ಎನ್ನಲಿಲ್ಲ. ಕೊಟ್ಟೆ ಎನ್ನಲೂ ಇಲ್ಲ. "ನಿಮ್ಮ ಕಥೆ ಅಂತ ಯಾರು ಹೇಳಿದ್ದು?" ಎಂದರು.

"ನಾನೇ ಅಲ್ಲಿ ಇದ್ದದ್ದು!"

"ಬೇರೆ ಯಾರು ಇದ್ರು?"

"ವಿನುತಾ."

"ಫೋನ್ ಮಾಡಿ. ಸ್ಪೀಕರ್ ಹಾಕಿ. ನಾನು ಇದ್ದೇನೆ ಅಂತ ಹೇಳುವುದು ಬೇಡ."

ಮಾಡಿದೆ. ವಿನುತಾಳ ದನಿ ಕೋಣೆಯಲ್ಲಿ ತುಂಬಿತು. ಬೆನ್ನು ಹೇಗುಂಟು ಅಕ್ಕ, ಮಗಳು ಹೇಗಿದ್ದಾಳೆ ಎಲ್ಲ ಆಯಿತು. ನಾನು ಕೇಳಿಯೇಬಿಟ್ಟೆ. ಆ ಟಿಪ್ಪಣಿ ಬರೆಯುವುದು ಶುರು ಮಾಡಿದ್ದು ಯಾರು, ನೆನಪುಂಟಾ?

"ನಾನೇ ಅಲ್ವಾ ಅಕ್ಕ? ನೀವು ಶೆಡ್ಡಿನಿಂದ ಹೊರಗೆ ಬಂದ್ರೆ ಮತ್ತೆ ಫೋನ್ ಸಿಗ್ತಿರಲಿಲ್ಲ. ನಾನು ಯಾರನ್ನು ಕೇಳುವುದು? ಅದಕ್ಕೇ ನಾನು ಹೇಳಿದ್ದು, ಎದ್ದು ಹೋಗುವ ಮೊದಲು ಎಲ್ಲ ಬರೆದಿಟ್ಟು ಹೋಗಿ ಅಂತ. ನೀವು ಮೊದಲು ಬೈದಿರಿ ನನಗೆ."

"ನಾನಾ? ಬೈದೆನಾ?"

"ಮತ್ತೆ! ಅಷ್ಟು ಪುರುಸೊತ್ತು ಯಾರಿಗುಂಟು ಅಂತ ಬೈದಿರಿ." ಅವಳು ನಗುತ್ತಿದ್ದಳು. "ಈಗ ಎಂತಕ್ಕೆ ಇದೆಲ್ಲ? ನೀವೂ ಆ ಕೆಲಸಕ್ಕೆ ಹಾಕಿದ್ದೀರಾ ಎಂತ?"

ನಾನು ಉತ್ತರಿಸಲಿಲ್ಲ. ಆ ಮೌನದಲ್ಲಿ ಫ್ಯಾನು ಎರಡು ಸಲ ಕಟಕ್ ಎಂದಿತು. ವಿನುತಾ ಬೇರೆಯೇ ದನಿಯಲ್ಲಿ, "ಅಕ್ಕ, ನೀವು ಎಲ್ಲಿದ್ದೀರಿ?" ಎಂದಳು.

ಉಡುಪಿಗೆ ಬಂದಿದ್ದೇನೆ ಎಂದೆ. ಕರೆ ಮುಗಿಯಿತು.

ಅವಳು ಆ ಫ್ಯಾನಿನ ಸದ್ದನ್ನು ಗುರುತಿಸಿದಳೇ? ಒಮ್ಮೆ ಆ ಬೆಂಚಿನಲ್ಲಿ ಕೂತವರು ಅದನ್ನು ಮರೆಯುವ ಹಾಗಿಲ್ಲ. ಅಥವಾ ಎದುರಿನವರು ಮಾತು ನಿಲ್ಲಿಸಿದರೆ ಯಾರಾದರೂ ಕೇಳುವಂಥ ಸಾಮಾನ್ಯ ಪ್ರಶ್ನೆಯೇ ಅದು? ದನಿ ಬೇರೆಯಾಯಿತು ಎನ್ನುವುದನ್ನು ನಾನು ಆಮೇಲೆ ಸೇರಿಸಿಕೊಂಡೆನೇ? ಅವರ ಮುಖ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

"ಇವಳು ನಿಮ್ಮ ಹತ್ರ ಬಂದಿದ್ದಳಾ?"

"ಹುಡುಗಿ ಚಂದ ಮಾತಾಡ್ತಾಳೆ" ಎಂದರು. "ನಿಮ್ಮ ರೆಸ್ಯೂಮೆಯಲ್ಲಿ ಆರಂಭಿಸಿದೆ ಅಂತ ಉಂಟಲ್ಲ, ಅದನ್ನು ತೆಗೆಯಿರಿ. ನಾಳೆ ಅವರಿಗೆ ಹೇಳಿ, ಇಬ್ರು ಮಾಡಿದ್ದು, ಯಾರು ಮೊದಲು ಅಂತ ನನಗೆ ಗೊತ್ತಿಲ್ಲ ಅಂತ."

"ಕೆಲಸ ಹೋಗ್ತದೆ ಸರ್! ಸುಳ್ಳಿ ಅಂತ ಬುಟ್ಟಿಗೆ ಹಾಕ್ತಾರೆ."

"ಹಾಕಬಹುದು."

"ನನಗೆ ಇದು ಬಿಟ್ರೆ ಬೇರೆ ಇಲ್ಲ."

"ಅವಳಿಗೆ ಉಂಟಾ?"

ಅವಳಿಗೆ ಏನುಂಟು, ಏನಿಲ್ಲ ಎಂದು ಅವರಿಗೆ ಗೊತ್ತಿದ್ದ ಹಾಗೆ ಕೇಳಿದರು. ಅಥವಾ ಗೊತ್ತಿಲ್ಲದೆಯೇ ಕೇಳಿದರು. ಆ ದಿನ ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ. ನಾನು ಸಹಾಯ ಕೇಳಿ ಬಂದವಳು. ಅವರು ಇಬ್ಬರ ಕಡೆಗೂ ನಿಂತ ಹಾಗಿತ್ತು, ಅಥವಾ ಯಾರ ಕಡೆಗೂ ಇಲ್ಲದ ಹಾಗೆ.

ಎರಡನೇ ಸುತ್ತಿನಲ್ಲಿ ನಾನು ಹೇಳಿದೆ. ಅವರು ಹೇಳಿಕೊಟ್ಟದ್ದಕ್ಕೆ ಹೇಳಿದೆನೋ, ಇನ್ನೊಬ್ಬಾಕೆ ಈಗಾಗಲೇ ಹೇಳಿರಬಹುದು ಎಂಬ ಭಯಕ್ಕೆ ಹೇಳಿದೆನೋ ಬಿಡಿಸಿ ನೋಡಲು ಆಗುವುದಿಲ್ಲ. ಪರದೆಯ ಆಕೆ ಸ್ವಲ್ಪ ಹೊತ್ತು ಏನೋ ಬರೆದುಕೊಂಡರು. ನಂತರ, "ಸರಿ. ಇದೇ ಒಂದು ದೂರು ಎಂದುಕೊಳ್ಳಿ. ನಿಮ್ಮ ಪಾಳಿ ಮುಗಿಯುತ್ತಿದೆ. ಮುಂದಿನವರಿಗೆ ಟಿಪ್ಪಣಿ ಬರೆಯಿರಿ, ಈಗಲೇ" ಎಂದರು. ಬರೆದೆ. ಇಬ್ಬರು ಕೆಲಸಗಾರರು, ಒಂದೇ ಕ್ರಮ, ಇಬ್ಬರೂ ತಾನು ಮೊದಲು ಎನ್ನುತ್ತಾರೆ, ಇಬ್ಬರಿಗೂ ಸಾಕ್ಷಿ ಇಲ್ಲ. ಮುಂದಿನವರು ಯಾವುದನ್ನೂ ನಿಜವೆಂದು ಹಿಡಿದು ಹೊರಡಬಾರದು.

ಕೆಲಸ ನನಗೆ ಸಿಕ್ಕಿತು. ಗಂಡ ಸಿಹಿ ತೆಗೆದುಕೊಂಡು ಬನ್ನಂಜೆಗೆ ಹೋದರು, ಒಬ್ಬರೇ. ಸಾಯ್ಬ್ರು ಸಿಹಿ ತಿನ್ನಲಿಲ್ಲವಂತೆ, ಶುಗರ್ ಅಂತೆ. ವಿನುತಾಳಿಗೆ ನಾನು ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ.

ಸ್ಟೇಟಸ್ ನೋಡಿದ ಮೇಲೆ ಕಾಪುವಿನ ಅವರ ಮನೆಗೆ ಹೋಗಿದ್ದೆವು. ಪೇಟೆಯ ಹಿಂದಿನ ಓಣಿಯಲ್ಲಿ ತಗ್ಗು ಗೇಟಿನ ಮನೆ. ಹೆಂಗಸರು ಒಳಗೆ, ಗಂಡಸರು ಚಾವಡಿಯಲ್ಲಿ. ಅವರ ಹೆಂಡತಿ ನನ್ನ ಕೈ ಹಿಡಿದು, "ನೀವು ಯಾವ ಕೆಲಸದವರು?" ಎಂದು ಕೇಳಿದರು. ಬಂದವರನ್ನೆಲ್ಲ ಹಾಗೆಯೇ ಕೇಳುತ್ತಿದ್ದರು. ಅವರಿಗೆ ನಾವೆಲ್ಲ ಒಂದೊಂದು ಕೆಲಸದವರು. ಗಂಡನ ಗಲ್ಫಿನ ದಿನಗಳ ಮಾತು ಬಂದಾಗ ಆಕೆ, "ಅಲ್ಲಿಯ ಮಾತು ಅವರು ಮನೆಯಲ್ಲಿ ಆಡಿದವರಲ್ಲ" ಎಂದಷ್ಟೇ ಅಂದರು.

ಹೊರಗೆ ಬರುವಾಗ ಗೇಟಿನ ಹತ್ತಿರ ವಿನುತಾ ಇದ್ದಳು. ತಲೆಯ ಮೇಲೆ ದುಪಟ್ಟಾ ಹೊದ್ದು, ಒಳಗೆ ಹೋಗುವವಳೋ ಹೊರಗೆ ಬಂದವಳೋ ತಿಳಿಯದ ಹಾಗೆ ನಿಂತಿದ್ದಳು.

"ಬೆನ್ನು ಹೇಗುಂಟು ಅಕ್ಕ?"

"ಪರವಾಗಿಲ್ಲ. ನಿನಗೆ ಇವರು ಗೊತ್ತಾ?"

"ಕಾಪುವಿನವರಲ್ವಾ" ಎಂದಳು. "ಗೊತ್ತಿಲ್ಲದೆ ಇರ್ತಾರಾ?"

ನನ್ನ ಗಂಡ ಸ್ಕೂಟರಿನ ಬದಲು ಆಟೋ ಕರೆದಿದ್ದರು, ಕಾಯುತ್ತಿದ್ದರು. ನೀನು ಈಗ ಎಲ್ಲಿ ಮಾಡುತ್ತಿದ್ದೀ ಎಂದು ಕೇಳಬಹುದಿತ್ತು. ಆ ಕೋಣೆಯ ಬೆಂಚಿನಲ್ಲಿ ಯಾವಾಗ ಕೂತಿದ್ದೆ ಎಂದೂ ಕೇಳಬಹುದಿತ್ತು. ಅವಳು ಸುಳ್ಳು ಹೇಳಿದರೆ ನನಗೆ ತಿಳಿಯುತ್ತಿರಲಿಲ್ಲ, ನಿಜ ಹೇಳಿದರೆ ನಾನು ನಂಬುತ್ತಿರಲಿಲ್ಲ. ಹೋಗಿ ಬರ್ತೇನೆ ಎಂದೆ. ಆಟೋ ತಿರುಗುವಾಗ ನೋಡಿದೆ. ಅವಳು ಒಳಗೆ ಹೋಗಿದ್ದಳು. ಚಪ್ಪಲಿ ಗೇಟಿನ ಬಳಿ ಬಿಟ್ಟಿದ್ದಳು, ಆ ಮನೆಯ ರೂಢಿ ಇದ್ದವರ ಹಾಗೆ. ಅಥವಾ ಎಲ್ಲರ ಚಪ್ಪಲಿಯೂ ಅಲ್ಲಿಯೇ ಇತ್ತು.

ನನ್ನ ಪಾಳಿ ಮುಗಿಯುತ್ತ ಬಂತು, ಮುಗಿಸಬೇಕು. ಇನ್ನೂ ತಿಳಿಯದ್ದು: ವಿನುತಾ ನನಗಿಂತ ಮೊದಲು ಅವರ ಬಳಿ ಹೋಗಿದ್ದಳೇ. ಹೋಗಿದ್ದರೆ, ಟಿಪ್ಪಣಿಯ ಕ್ರಮವನ್ನು ಆರಂಭಿಸಿದೆ ಎಂದು ನನ್ನ ರೆಸ್ಯೂಮೆಯಲ್ಲಿ ಬಂದ ಸಾಲು ಅವಳು ಮೊದಲೇ ಅವರಿಗೆ ಹೇಳಿದ್ದೇ. ನಾನು ಅವಳಿಗೆ ಬೈದೆನೇ. ಅವರು ಗಲ್ಫಿನಲ್ಲಿ ಯಾರಾಗಿದ್ದರು. ನನ್ನ ಕಾಗದವನ್ನು ಅವರು ನಿಂತು ಓದಿದರೇ, ಕೂತು ಓದಿದರೇ.